ಆಶ್ರಯಧಾಮದ ಪ್ರಾಣಿಯೂ ಶ್ರಾವಕನ ವ್ರತವೂ

ಪ್ರಾಣಿಗಳ ಆಶ್ರಯಧಾಮದಿಂದ ನಾಯಿಮರಿಯನ್ನೋ ಗಾಯಗೊಂಡ ಪಶುವನ್ನೋ ಕೆಲವು ವಾರಗಳ ಮಟ್ಟಿಗೆ ಮನೆಗೆ ತಂದು ಪೋಷಿಸಿ, ಚೇತರಿಸಿಕೊಂಡ ಬಳಿಕ ಹಿಂದಿರುಗಿಸುವ ಪದ್ಧತಿ ಈಗ ನಗರಗಳಲ್ಲಿ ಕಂಡುಬರುತ್ತಿದೆ. ಇದು ದಯೆಯ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಣುವ್ರತಗಳನ್ನು ಸ್ವೀಕರಿಸಿದ ಶ್ರಾವಕನು ಇದಕ್ಕೆ ಕೈಹಾಕಬಹುದೆ ಎಂಬುದನ್ನು ದಯೆಯೊಂದರಿಂದಲೇ ತೀರ್ಮಾನಿಸಲಾಗದು.

ಶಾಸ್ತ್ರದ ಆಕ್ಷೇಪ ಅಲ್ಪವಾದುದಲ್ಲ. ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಸೇರಿಸಿದೆ. ಚತುಷ್ಪದಗಳು ಬಾಹ್ಯ ಪರಿಗ್ರಹಗಳೆಂದು ಎಣಿಸಲ್ಪಟ್ಟಿವೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕಟ್ಟಿಹಾಕುವುದು ಮೊದಲನೆಯದು, ಅನ್ನಪಾನಗಳನ್ನು ತಡೆಯುವುದು ಕೊನೆಯದು. ಪಶುವನ್ನು ಮನೆಯಲ್ಲಿಟ್ಟುಕೊಂಡವನಿಗೆ ಇವೆರಡೂ ಬಹುಬೇಗ ತಗಲುತ್ತವೆ. ಆದರೂ ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಗೋವು ಮುಂತಾದವುಗಳ ವಿಷಯದಲ್ಲಿ ಮೆಟ್ಟಿಲುಗಳನ್ನು ಇಟ್ಟಿದ್ದಾನೆ: ಅವುಗಳಿಂದ ಜೀವನ ನಡೆಸುವುದನ್ನು ಬಿಡುವುದು, ಇಲ್ಲವೆ ಕಟ್ಟದೆ ಇಟ್ಟುಕೊಳ್ಳುವುದು, ಅದೂ ಆಗದಿದ್ದರೆ ನಿರ್ದಯೆಯಿಲ್ಲದೆ ಕಟ್ಟುವುದು. ಸ್ವಪ್ರಯೋಜನಕ್ಕಾಗಿ ಸಾಕುವವನಿಗೇ ಇಷ್ಟು ಅವಕಾಶವಿರುವಾಗ, ಪ್ರಾಣಿಯ ಪ್ರಯೋಜನಕ್ಕಾಗಿ ಸಾಕುವವನಿಗೆ ಬಾಗಿಲು ಮುಚ್ಚಿದೆಯೆನ್ನುವುದು ಸರಿಯಲ್ಲ.

ಆಯ್ಕೆಯಲ್ಲಿ ಮಾತ್ರ ವಿವೇಕ ಬೇಕು. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ದ್ರವ್ಯವು ಸಹಜವಾಗಿ ಮಾಂಸದಿಂದಲೇ ದೊರೆಯಬೇಕು. ಬರಿಯ ಹಾಲು-ಅನ್ನದಲ್ಲಿ ಅದನ್ನು ಇಡುವುದು ಅನ್ನಪಾನನಿರೋಧದ ಇನ್ನೊಂದು ರೂಪ. ನಾಯಿಯಾದರೋ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬಾಳಬಲ್ಲದು. ಕರು, ಪಾರಿವಾಳಗಳ ಮಾತಂತೂ ಸುಲಭ. ದೆಹಲಿಯ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯದಲ್ಲಿ ಮಾಂಸಾಹಾರಿ ಪಕ್ಷಿಗಳಿಗೆ ಚಿಕಿತ್ಸೆಯನ್ನಷ್ಟೇ ನೀಡಿ, ಒಳಗೆ ಇರಿಸಿಕೊಳ್ಳದಿರುವ ಕ್ರಮವುಂಟು.

ನಾಯಿಮರಿಗಳಿಗೆ ಲಸಿಕೆಗಳು ಮುಗಿಯಲು ಸುಮಾರು 16 ವಾರಗಳ ವಯಸ್ಸಾಗಬೇಕು. ಅದುವರೆಗೆ ಕಿಕ್ಕಿರಿದ ಆಶ್ರಯಧಾಮದಲ್ಲಿ ಪಾರ್ವೊ ರೋಗ ಹರಡಿದರೆ ಅವು ಉಳಿಯುವುದು ಕಷ್ಟ. ಮನೆಯೇ ಅವುಗಳಿಗೆ ರಕ್ಷೆ. ಕಣ್ಣು ತೆರೆಯದ ಮರಿಗಂತೂ 2-3 ಗಂಟೆಗೊಮ್ಮೆ, ರಾತ್ರಿಯೂ, ಹಾಲೂಡಿಸಬೇಕು. ರಾತ್ರಿಭೋಜನವನ್ನು ತ್ಯಜಿಸಿದವನು ಇದನ್ನು ಮಾಡಬಹುದೆ? ತ್ಯಾಗವು ತನ್ನ ನಾಲಗೆಗೆ ಹಾಕಿಕೊಂಡ ಕಡಿವಾಣವೇ ಹೊರತು ತಾಯಿಯಿಲ್ಲದ ಮರಿಯ ಹಸಿವಿಗಲ್ಲ. ಅಷ್ಟಮಿ ಚತುರ್ದಶಿಗಳ ಉಪವಾಸಕ್ಕೂ ಇದೇ ನ್ಯಾಯ. ಗೋವು ಮೊದಲಾದವುಗಳ ಹಸಿವು ಬಾಯಾರಿಕೆಗಳನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸುಮ್ಮನೆ ನೆನೆದಿಲ್ಲ. ಆರಂಭತ್ಯಾಗದವರೆಗೆ ಏರಿದವರು ಮಾತ್ರ ಈ ಭಾರವನ್ನು ಮನೆಯ ಬೇರೆಯವರಿಗೆ ಬಿಡುವುದು ಯುಕ್ತ.

ನಿಜವಾದ ಕಷ್ಟ ಹಿಂದಿರುಗಿಸುವ ದಿನ ಬರುತ್ತದೆ. ಮರಿಯನ್ನು ಶಾಶ್ವತವಾಗಿ ಸಾಕಲು ಬಂದವರು ಮಾಂಸಾಹಾರಿಗಳಾಗಿರಬಹುದು. ಆಗ ಶ್ರಾವಕನು, ಅಹಿಂಸೆಗಾಗಿಯೇ ಇದನ್ನು ಕೊಡಲಾರೆನೆಂದು ಹೇಳಬಯಸುತ್ತಾನೆ. ಆ ಮಾತಿನಲ್ಲಿ ಅಹಿಂಸೆ ಎಷ್ಟು, ಮಮತ್ವ ಎಷ್ಟು ಎಂಬುದನ್ನು ಅವನೇ ಪರೀಕ್ಷಿಸಿಕೊಳ್ಳಬೇಕು. ತನ್ನ ಅಪೇಕ್ಷೆಯನ್ನು ಆಶ್ರಯಧಾಮದವರಿಗೆ ಮೊದಲೇ ತಿಳಿಸಬಹುದು. ಆದರೆ ಒಪ್ಪಿಕೊಂಡ ಅವಧಿ ಮುಗಿದ ಮೇಲೆ ತಡೆದಿಡುವ ಅಧಿಕಾರ ಅವನಿಗಿಲ್ಲ, ಮರಿ ಅವನದಲ್ಲ. ಮನೆಯಲ್ಲೇ ಉಳಿಸಿಕೊಳ್ಳುವುದಾದರೆ ತನ್ನ ಪರಿಗ್ರಹಪರಿಮಾಣದ ಮಿತಿಯೊಳಗೆ ಚತುಷ್ಪದವೆಂದು ಅದನ್ನು ಲೆಕ್ಕಕ್ಕೆ ಹಿಡಿಯಲಿ.