ಬುದ್ಧ ಯಾರ ಪೈಕಿ?

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ಬಂದವರು ಬಾದಾಮಿಗೆ ಹೊರಳಬೇಕಾದ ಜಾಗ ಕುಳಗೇರಿ ಕ್ರಾಸ್. ನಮ್ಮ ಊರಿಗೂ ಅಲ್ಲೇ ಇಳಿಯಬೇಕು. ಚಹಾದಂಗಡಿ ಮುಂದೆ ಕೂತ ಹಿರಿಯರು ಹೊಸ ಮುಖ ಕಂಡರೆ ಹೆಸರು ಕೇಳುವುದಿಲ್ಲ, ‘ಯಾರ ಪೈಕಿ ತಮ್ಮಾ?’ ಅಂತ ಕೇಳುತ್ತಾರೆ. ಅದರಲ್ಲಿ ಪ್ರೀತಿಯೂ ಇದೆ, ಅಳತೆಯೂ ಇದೆ. ಯಾವ ಮನೆತನ, ಎಷ್ಟು ಹೊಲ, ಯಾವ ಜಾತಿ, ಎಲ್ಲ ಒಂದೇ ಉತ್ತರದಲ್ಲಿ ಸಿಕ್ಕಿಬಿಡುತ್ತೆ. ಬೆಂಗಳೂರಿನಲ್ಲಿ ನಾವು ಅದನ್ನೇ ‘ಯಾವ ಕಾಲೇಜು, ಯಾವ ಕಂಪನಿ’ ಅಂತ ಕೇಳುತ್ತೇವೆ. ದೇಶಗಳೂ ಕೇಳುತ್ತವೆ. ಸದ್ಯ ಅವು ಈ ಪ್ರಶ್ನೆ ಕೇಳುತ್ತಿರುವುದು ಬುದ್ಧನನ್ನು. ಮನೆ, ರಾಜ್ಯ, ಕುಲ ಎಲ್ಲ ಬಿಟ್ಟು ಎದ್ದುಹೋದ ಮನುಷ್ಯನನ್ನು!

ನಮ್ಮ ಟೀಮಿನಲ್ಲಿ ಕಠ್ಮಂಡುವಿನ ಹುಡುಗನೊಬ್ಬ ಇದ್ದ. ಅವನ ಲ್ಯಾಪ್‌ಟಾಪಿನ ಮೇಲೆ ‘ಬುದ್ಧ ಹುಟ್ಟಿದ್ದು ನೇಪಾಳದಲ್ಲಿ’ ಎಂಬ ಸ್ಟಿಕರ್. ಊಟದ ಹೊತ್ತಿಗೆ ಯಾರಾದರೂ ಕೆಣಕೋರು: ‘ಹುಟ್ಟಿದ್ದು ಅಲ್ಲಿರಬಹುದು ಮಾರಾಯ, ಬುದ್ಧ ಆಗಿದ್ದು ಬೋಧಗಯಾದಲ್ಲಿ, ಅದು ನಮ್ಮದು.’ ಬೇರೆಲ್ಲದಕ್ಕೂ ನಗುವ ಅವನು ಇದಕ್ಕೆ ನಗುತ್ತಿರಲಿಲ್ಲ. ‘ನಿಮಗೆ ಹೇಳಿಕೊಳ್ಳೋಕೆ ನೂರು ಇದೆ. ನಮಗೆ ಇರೋದು ಎರಡೇ, ಎವರೆಸ್ಟು ಮತ್ತು ಲುಂಬಿನಿ’ ಅಂದಿದ್ದ ಒಮ್ಮೆ.

ಅವನ ಸಿಟ್ಟು ಅವನೊಬ್ಬನದಲ್ಲ. 2009ರಲ್ಲಿ ‘ಚಾಂದನಿ ಚೌಕ್ ಟು ಚೈನಾ’ ಸಿನಿಮಾದಲ್ಲಿ ಬುದ್ಧ ಭಾರತದಲ್ಲಿ ಹುಟ್ಟಿದ ಎಂಬ ಮಾತು ಬಂತು ಅಂತ ನೇಪಾಳದಲ್ಲಿ ಗಲಾಟೆಯಾಗಿ ಪ್ರದರ್ಶನವೇ ನಿಂತಿತು. 2020ರ ಆಗಸ್ಟ್‌ನಲ್ಲಿ ನಮ್ಮ ವಿದೇಶಾಂಗ ಸಚಿವರು ಒಂದು ವೆಬಿನಾರಿನಲ್ಲಿ ಗಾಂಧಿಯ ಜೊತೆಗೆ ಬುದ್ಧನನ್ನೂ ಮಹಾನ್ ಭಾರತೀಯರ ಸಾಲಿಗೆ ಸೇರಿಸಿದಾಗ ನೇಪಾಳ ಆಕ್ಷೇಪ ಎತ್ತಿತು. ಬುದ್ಧ ಹುಟ್ಟಿದ್ದು ನೇಪಾಳದ ಲುಂಬಿನಿಯಲ್ಲಿ, ಅದರಲ್ಲಿ ಅನುಮಾನವೇ ಇಲ್ಲ ಅಂತ ಭಾರತ ಸ್ಪಷ್ಟನೆ ಕೊಡಬೇಕಾಯಿತು. 2022ರ ಮೇ 16, ಬುದ್ಧ ಪೂರ್ಣಿಮೆ. ಲುಂಬಿನಿಗೆ ಹತ್ತಿರದ ಭೈರಹವಾದಲ್ಲಿ ಚೀನಾದ ಕಂಪನಿ ಕಟ್ಟಿದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅಂದೇ ಉದ್ಘಾಟನೆಯಾಯಿತು. ನಮ್ಮ ಪ್ರಧಾನಿ ಲುಂಬಿನಿಗೆ ಹೋದದ್ದೂ ಅಂದೇ. ಆದರೆ ಆ ನಿಲ್ದಾಣದಲ್ಲಿ ಇಳಿಯಲಿಲ್ಲ, ಕುಶಿನಗರದಿಂದ ಹೆಲಿಕಾಪ್ಟರಿನಲ್ಲಿ ಹೋದರು. ಬುದ್ಧನ ಹುಟ್ಟೂರಿಗೆ ಯಾವ ದಾರಿಯಿಂದ ಹೋಗಬೇಕು ಅನ್ನುವುದೂ ರಾಜತಂತ್ರವೇ.

ಚೀನಾದ ಕಡೆ ನೋಡಿ. ನಾಸ್ತಿಕತೆಯನ್ನು ಅಧಿಕೃತವಾಗಿ ಒಪ್ಪಿದ ಪಕ್ಷದ ಸರ್ಕಾರ ಅದು. 2007ರಲ್ಲಿ ಅದು ಒಂದು ಆದೇಶ ಹೊರಡಿಸಿತು: ಟಿಬೆಟಿನ ಲಾಮಾಗಳು ಮರುಹುಟ್ಟು ಪಡೆಯಬೇಕಾದರೆ ಸರ್ಕಾರದ ಅನುಮತಿ ಬೇಕು. ಓದಿದರೆ ನಗು ಬರುತ್ತೆ, ಆದರೆ ತಮಾಷೆಯ ವಿಷಯ ಅಲ್ಲ. 1995ರಲ್ಲಿ ದಲೈ ಲಾಮಾ ಪಂಚೆನ್ ಲಾಮಾ ಎಂದು ಗುರುತಿಸಿದ ಆರು ವರ್ಷದ ಬಾಲಕನನ್ನು ಚೀನಾ ಕೆಲವೇ ದಿನಗಳಲ್ಲಿ ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವನು ಹೊರಜಗತ್ತಿಗೆ ಕಾಣಿಸಿಲ್ಲ. 2025ರ ಜುಲೈನಲ್ಲಿ ದಲೈ ಲಾಮಾ, ತಮ್ಮ ಮುಂದಿನ ಹುಟ್ಟನ್ನು ಗುರುತಿಸುವ ಹಕ್ಕು ತಮ್ಮ ಟ್ರಸ್ಟಿಗೆ ಮಾತ್ರ ಇದೆ ಎಂದರು. ಬೀಜಿಂಗ್ ಒಪ್ಪಲಿಲ್ಲ.

ಭಾರತವೂ ಸುಮ್ಮನೆ ಕೂತಿಲ್ಲ. ಬುದ್ಧನ ಅವಶೇಷಗಳು 2022ರಲ್ಲಿ ಮಂಗೋಲಿಯಾಕ್ಕೆ, 2024ರಲ್ಲಿ ಥಾಯ್ಲೆಂಡಿಗೆ, 2025ರಲ್ಲಿ ವಿಯೆಟ್ನಾಮಿಗೆ ದರ್ಶನಕ್ಕೆ ಹೋಗಿ ಬಂದವು. 1898ರಲ್ಲಿ ಪಿಪ್ರಾಹ್ವಾದ ಸ್ತೂಪದಲ್ಲಿ ಸಿಕ್ಕಿ ಬ್ರಿಟಿಷ್ ಕುಟುಂಬವೊಂದರ ಬಳಿ ಉಳಿದಿದ್ದ ರತ್ನಗಳು 2025ರಲ್ಲಿ ಹಾಂಗ್‌ಕಾಂಗಿನಲ್ಲಿ ಹರಾಜಿಗೆ ಬಂದಾಗ ನಮ್ಮ ಸರ್ಕಾರ ನೋಟಿಸು ಕೊಟ್ಟು ತಡೆಯಿತು. ಕೊನೆಗೆ ಗೋದ್ರೆಜ್ ಸಮೂಹ ಕೊಂಡು, ಅವು ದೇಶಕ್ಕೆ ಮರಳಿದವು. ಒಳ್ಳೆಯದೇ ಆಯಿತು. ಭಕ್ತರು ಕೈಮುಗಿಯುವ ವಸ್ತುವನ್ನು ಹರಾಜಿನ ಸುತ್ತಿಗೆಗೆ ಒಡ್ಡಬಾರದು.

ಇದನ್ನೆಲ್ಲ ಒಟ್ಟಿಗೆ ಕಟ್ಟಿ ‘ಎಲ್ಲ ರಾಜಕೀಯ ಬಿಡ್ರೀ’ ಅನ್ನೋದು ಸುಲಭ. ಆದರೆ ಇವೆಲ್ಲ ಒಂದೇ ತೂಕದ ಮಾತುಗಳಲ್ಲ. ಲುಂಬಿನಿ ನೇಪಾಳದಲ್ಲಿದೆ ಎಂಬುದು ಸಂಗತಿ. ದೊಡ್ಡ ನೆರೆಮನೆಯವನು ಅದನ್ನು ಮರೆತು ಮಾತಾಡಿದಾಗ ಸಣ್ಣವನು ತಿದ್ದುವುದು ಜಂಬ ಅಲ್ಲ, ನ್ಯಾಯ. ಟಿಬೆಟಿನವರಿಗೆ ಮುಂದಿನ ಲಾಮಾ ಯಾರು ಅನ್ನುವುದು ಗೌರವದ ಪ್ರಶ್ನೆಗಿಂತ ದೊಡ್ಡದು, ತಾವು ತಾವಾಗಿ ಉಳಿಯುತ್ತೇವೋ ಇಲ್ಲವೋ ಎಂಬ ಪ್ರಶ್ನೆ. ತಕರಾರು ಹುಟ್ಟುವುದು ಅದರ ನಂತರದ ಹೆಜ್ಜೆಯಲ್ಲಿ. ‘ಇಲ್ಲಿ ಹುಟ್ಟಿದ’ ಎಂಬ ಸಂಗತಿಯಿಂದ ‘ಆದ್ದರಿಂದ ಇವನು ನಮ್ಮ ಆಸ್ತಿ, ನೀವೆಲ್ಲ ನಮ್ಮಿಂದ ಪಡೆದವರು’ ಎಂಬ ತೀರ್ಮಾನಕ್ಕೆ ಹಾರುವ ಹೆಜ್ಜೆ ಅದು. ಹುಟ್ಟು ಯಾರ ಸಾಧನೆಯೂ ಅಲ್ಲ. ನಾನು ಬಾದಾಮಿ ಸೀಮೆಯಲ್ಲಿ ಹುಟ್ಟಿದ್ದಕ್ಕೆ ಪುಲಕೇಶಿಯ ಪರಾಕ್ರಮದಲ್ಲಿ ನನಗೇನೂ ಪಾಲು ಬರುವುದಿಲ್ಲ.

ಪುಲಕೇಶಿ ಎಂದಾಗ ನೆನಪಾಯಿತು. ಹರ್ಷನಿಗೂ ಬಗ್ಗದ ದೊರೆ ಅಂತ ನಾವು ಎದೆಯುಬ್ಬಿಸಿ ಹೇಳುತ್ತೇವಲ್ಲ, ಅದಕ್ಕೆ ದೊಡ್ಡ ಸಾಕ್ಷಿಗಳು ಎರಡು. ಒಂದು, ಐಹೊಳೆಯ ಮೇಗುತಿ ಜಿನಾಲಯದಲ್ಲಿ ರವಿಕೀರ್ತಿ ಬರೆದ 634ರ ಶಾಸನ. ಇನ್ನೊಂದು, ಸುಮಾರು 641ರಲ್ಲಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನಾದ ಭಿಕ್ಷು ಹ್ಯೂಯೆನ್ ತ್ಸಾಂಗನ ಬರಹ. ಈ ರಾಜ್ಯದಲ್ಲಿ ನೂರರಷ್ಟು ವಿಹಾರ, 5000ದಷ್ಟು ಭಿಕ್ಷುಗಳಿದ್ದರು ಅಂತ ಬರೆದವನೂ ಅವನೇ. ಒಬ್ಬ ಜೈನ ಕವಿ, ಒಬ್ಬ ಚೀನೀ ಬೌದ್ಧ. ನಮ್ಮ ಹೆಮ್ಮೆ ನಿಂತಿರುವುದು ಇವರಿಬ್ಬರ ಸಾಕ್ಷಿಯ ಮೇಲೆ. ಈಗಲೂ ಮೇಗುತಿ ಗುಡ್ಡ ಹತ್ತುವಾಗ, ಜಿನಾಲಯಕ್ಕಿಂತ ಸ್ವಲ್ಪ ಕೆಳಗೆ, ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತೆ. ಹತ್ತುವವರಲ್ಲಿ ಬಹಳ ಜನ ಅಲ್ಲಿ ಉಸಿರು ತಗೊಂಡು, ಒಂದು ಸೆಲ್ಫಿ ಹೊಡೆದು, ಮುಂದೆ ಹೋಗುತ್ತಾರೆ.

642ರಲ್ಲಿ ಬಾದಾಮಿಗೆ ನುಗ್ಗಿದ ಪಲ್ಲವ ನರಸಿಂಹವರ್ಮನ ಬಿರುದು ಮಾಮಲ್ಲ. ಮಾಮಲ್ಲಪುರಕ್ಕೆ ಹೆಸರು ಬಂದದ್ದು ಅದರಿಂದ. 2019ರ ಅಕ್ಟೋಬರಿನಲ್ಲಿ ಭಾರತ, ಚೀನಾ ನಾಯಕರು ಹಳೇ ನಂಟಿನ ನೆನಪು ಮಾಡಿಕೊಂಡು ಕೈಕುಲುಕಿದ್ದು ಅದೇ ಊರಿನಲ್ಲಿ. ತಮಿಳು ಗೆಳೆಯರು ‘ನೋಡು, ಬೋಧಿಧರ್ಮ ನಮ್ಮ ಕಂಚಿಯವನು’ ಅಂತ ಸಂದೇಶ ಕಳಿಸಿದರು. ನಮ್ಮವರು ‘ಹ್ಯೂಯೆನ್ ತ್ಸಾಂಗ್ ಹೊಗಳಿದ್ದು ನಮ್ಮ ರಾಜನನ್ನ’ ಅಂದರು. ದೇಶ ದೇಶದ ನಡುವಿನ ಜಗಳ ವಾಟ್ಸ್‌ಆ್ಯಪ್ ಗುಂಪಿಗೆ ಇಳಿಯೋಕೆ ಎಷ್ಟು ಹೊತ್ತು?

ಮೂಲ ನಮ್ಮದು ಸರಿ, ಉಳಿಸಿದವರು ಯಾರು? ಹ್ಯೂಯೆನ್ ತ್ಸಾಂಗ್ 645ರಲ್ಲಿ ಚೀನಾಕ್ಕೆ ಮರಳುವಾಗ 657 ಗ್ರಂಥಗಳನ್ನು ಹೊತ್ತು ಹೋದ. ಹತ್ತೊಂಬತ್ತನೇ ಶತಮಾನದಲ್ಲಿ ಕನ್ನಿಂಗ್‌ಹ್ಯಾಂ ನಾಲಂದಾದಂಥ ಜಾಗಗಳನ್ನು ಗುರುತಿಸಿದ್ದು ಅವನ ಪ್ರವಾಸಕಥನವನ್ನು ಕೈಯಲ್ಲಿ ಹಿಡಿದುಕೊಂಡೇ. ದಿಙ್ನಾಗನ ‘ಪ್ರಮಾಣಸಮುಚ್ಚಯ’ ಭಾರತದ ತರ್ಕಶಾಸ್ತ್ರದ ಅಡಿಪಾಯಗಳಲ್ಲೊಂದು. ಮೂಲ ಸಂಸ್ಕೃತದ ಪೂರ್ತಿ ಪ್ರತಿ ನಮ್ಮಲ್ಲಿ ಉಳಿಯಲಿಲ್ಲ, ಟಿಬೆಟನ್ ಅನುವಾದ ಉಳಿಯಿತು. 1930ರಲ್ಲಿ ಎಚ್.ಆರ್. ರಂಗಸ್ವಾಮಿ ಅಯ್ಯಂಗಾರರು ಅದರ ಮೊದಲ ಅಧ್ಯಾಯವನ್ನು ಟಿಬೆಟನ್ನಿನಿಂದ ಮತ್ತೆ ಸಂಸ್ಕೃತಕ್ಕೆ ತಂದರು, ಮೈಸೂರು ವಿಶ್ವವಿದ್ಯಾಲಯ ಅಚ್ಚು ಮಾಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೇನ್ ಸರ್ವರ್ ಡಿಲೀಟ್ ಆಗಿತ್ತು, ಬ್ಯಾಕಪ್ ಇದ್ದದ್ದು ಲ್ಹಾಸಾದಲ್ಲಿ. ಬ್ಯಾಕಪ್ ಕಾಯ್ದವರ ಮುಂದೆ ನಿಂತು ‘ಕೋಡ್ ಬರೆದವರು ನಾವು’ ಅಂತ ಮೀಸೆ ತಿರುವಿದರೆ ಹೇಗಿರುತ್ತೆ?

ನಮ್ಮ ಸೀಮೆಯಲ್ಲಿ ಬೌದ್ಧಧರ್ಮ ಚಾಲುಕ್ಯರೊಂದಿಗೇ ಮುಗಿಯಲೂ ಇಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವಿದೆ. ಹದಿನಾರು ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿ ದಾನ ಬಿಟ್ಟದ್ದನ್ನು, ತಾರಾದೇವಿಯ ಸ್ತುತಿಯನ್ನು ಅದು ಹೇಳುತ್ತೆ. ಆ ವಿಹಾರದಲ್ಲಿ ಓದುತ್ತಿದ್ದವರು ಏನಾದರು? ಅವರ ಪುಸ್ತಕ ಎಲ್ಲಿ ಹೋದವು? ‘ಬುದ್ಧ ನಮ್ಮವನು’ ಅನ್ನುವವರು ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಮೂಲದ ಹಕ್ಕು ಬೇಕು, ಕಳೆದುಕೊಂಡದ್ದರ ಲೆಕ್ಕ ಬೇಡ.

ಡಂಬಳ ಬಿಟ್ಟು ಹುಬ್ಬಳ್ಳಿ ಮೇಲೆ ಮುಂಡಗೋಡಿಗೆ ಬನ್ನಿ. 1966ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಶುರುವಾಯಿತು. ಅದಕ್ಕೂ ಮೊದಲು, 1960ರಲ್ಲಿ, ಬೈಲಕುಪ್ಪೆಯಲ್ಲಿ ಅವರಿಗೆ ಜಮೀನು ಸಿಕ್ಕಿತ್ತು. ಆಗಿನ್ನೂ ಮೈಸೂರು ರಾಜ್ಯ. ಲ್ಹಾಸಾದ ಗಾಂದೆನ್, ದ್ರೆಪುಂಗ್ ಮಠಗಳು ಈಗ ಮುಂಡಗೋಡಿನಲ್ಲಿವೆ, ಸೆರಾ ಬೈಲಕುಪ್ಪೆಯಲ್ಲಿ. ಅಲ್ಲಿ ಸಂಜೆ ಭಿಕ್ಷುಗಳು ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿ ತರ್ಕ ಮಾಡುತ್ತಾರಲ್ಲ, ಅದರ ಬೇರು ದಿಙ್ನಾಗ, ಧರ್ಮಕೀರ್ತಿಯರಲ್ಲಿದೆ. ಇಲ್ಲಿಂದ ಹೋದದ್ದು ಸಾವಿರ ವರ್ಷ ಹಿಮದಲ್ಲಿ ಬದುಕಿ, ಉತ್ತರ ಕನ್ನಡದ ಗೋವಿನಜೋಳದ ಹೊಲಗಳ ನಡುವೆ ಮತ್ತೆ ಕೂತಿದೆ. ದಲೈ ಲಾಮಾ ಭಾರತವನ್ನು ಗುರು, ತಮ್ಮವರನ್ನು ಚೇಲಾ ಅನ್ನುತ್ತಾರೆ. ಆ ಮಾತು ಅವರ ಬಾಯಲ್ಲಿ ಕೃತಜ್ಞತೆ. ಅದನ್ನೇ ನಾವು ಹೇಳಿಕೊಂಡರೆ ಹಮ್ಮು.

ಇನ್ನೂ ಹತ್ತಿರಕ್ಕೆ ಬರೋಣ, ನಮ್ಮ ಹಳ್ಳಿಗೇ. ನಾನು ಬೆಳೆದ ಊರಿನಲ್ಲಿ ಬುದ್ಧನ ಫೋಟೊ ಇದ್ದದ್ದು ಒಂದೇ ಕಡೆ, ದಲಿತರ ಕೇರಿಯಲ್ಲಿ, ಅಂಬೇಡ್ಕರ್ ಫೋಟೊ ಪಕ್ಕದಲ್ಲಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರ ಜೊತೆ ಬೌದ್ಧಧರ್ಮ ಸ್ವೀಕರಿಸಿದರಲ್ಲ, ಆ ಬುದ್ಧ ಅವನು. ಉಲಾನ್‌ಬಾತರಿಗೆ ವಿಮಾನದಲ್ಲಿ ಹೋದ ಬುದ್ಧ ಇಡೀ ದೇಶದವನು. ಕೇರಿಯ ಗೋಡೆಯ ಮೇಲಿನ ಬುದ್ಧ ಮಾತ್ರ ‘ಅವರ ಮಂದಿಯವನು’. ಶಾಲೆಯ ನಾಟಕದಲ್ಲಿ ಬುದ್ಧನ ಪಾತ್ರ ಮಾಡೋಕೆ ಎಲ್ಲ ಹುಡುಗರಿಗೂ ಆಸೆ, ಆ ಫೋಟೊ ಇದ್ದ ಮನೆಯಲ್ಲಿ ನೀರು ಕುಡಿಯೋಕೆ ಮಾತ್ರ ಆಗುತ್ತಿರಲಿಲ್ಲ. ಹೊರದೇಶದ ವೇದಿಕೆಯಲ್ಲಿ ಬುದ್ಧ ನಮ್ಮವನು ಅನ್ನುವ ಮೊದಲು, ಊರೊಳಗೆ ಬುದ್ಧನನ್ನು ನಂಬಿದವರು ನಮ್ಮವರಾಗಬೇಕಲ್ಲವೆ? ‘ಯಾರ ಪೈಕಿ’ ಎಂಬ ಪ್ರಶ್ನೆಯನ್ನೇ ಬೇಡ ಅಂದವನನ್ನು ಹಿಡಿದು, ಅದೇ ಪ್ರಶ್ನೆಗೆ ಉತ್ತರ ಮಾಡಿದ್ದೇವೆ.

ಹಾಗಾದರೆ ಹೆಮ್ಮೆಯೇ ಪಡಬಾರದಾ ಅಂತ ನೀವು ಕೇಳಬಹುದು. ಪಡೋಣ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರೊಬ್ಬರು ರಾಯಚೂರು ಸೀಮೆಯ ಮಸ್ಕಿಯಲ್ಲಿ ಕಂಡ ಶಾಸನದಿಂದಲೇ ‘ದೇವಾನಾಂಪ್ರಿಯ’ ಅಂದರೆ ಅಶೋಕ ಅಂತ ಖಚಿತವಾಯಿತು ಎಂದು ಓದಿದಾಗ ನನಗೂ ಖುಷಿಯಾಗುತ್ತೆ. ಆದರೆ ಹೆಮ್ಮೆಗೆ ಒಂದು ಪರೀಕ್ಷೆ ಇಟ್ಟುಕೊಳ್ಳಬಹುದು: ಅದು ನಮ್ಮ ಮೇಲೆ ಏನಾದರೂ ಕೆಲಸ ಹೊರಿಸುತ್ತದೆಯೋ, ಅಥವಾ ಬರೀ ಇನ್ನೊಬ್ಬರನ್ನು ಕಿರಿದು ಮಾಡುತ್ತದೆಯೋ? ಅಶೋಕ ಲುಂಬಿನಿಗೆ ಹೋದಾಗ ಬುದ್ಧ ಇಲ್ಲಿ ಹುಟ್ಟಿದ ಅಂತ ಕಂಬ ನಿಲ್ಲಿಸಿದ. ಅದೇ ಕಂಬದ ಮೇಲೆ ಆ ಊರಿನ ತೆರಿಗೆ ಇಳಿಸಿದ್ದನ್ನೂ ಬರೆಸಿದ. ಹುಟ್ಟಿದ ಊರಿಗೆ ಗೌರವ ಅಂದರೆ ಅಲ್ಲಿನ ರೈತನ ಹೊರೆ ಇಳಿಯಬೇಕು ಅಂತ ಅವನಿಗೆ ಅನ್ನಿಸಿತ್ತು.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, ಚಂದ್ರಲಾಂಬಾ ಗುಡಿಯ ಆವರಣವಿದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಅಶೋಕನ ಶಾಸನ. ವಿಗ್ರಹ ಕೂರಿಸೋಕೆ ಅದರ ನಡುವೆ ತೂತು ಕೊರೆದಿದ್ದರು. ಅಕ್ಷರ ಓದಲು ಬರುವವರು ಯಾರೂ ಉಳಿದಿರಲಿಲ್ಲ, ಕಲ್ಲು ಗಟ್ಟಿಯಿತ್ತು, ಉಪಯೋಗಕ್ಕೆ ಬಂತು. ಆ ಕಲ್ಲಿನಲ್ಲಿರುವ ಶಾಸನಗಳಲ್ಲಿ ಒಂದು ಹನ್ನೆರಡನೆಯದು. ತನ್ನ ಪಂಥವನ್ನು ಎತ್ತಿ ಹಿಡಿಯಲು ಬೇರೆಯವರ ಪಂಥವನ್ನು ಹೀಗಳೆಯುವವನು ಕೊನೆಗೆ ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ತಿರುಳು. ನೂರಾರು ವರ್ಷ ಜನ ಆ ಕಲ್ಲಿಗೆ ಹೂವೇರಿಸಿದರು, ಕೈಮುಗಿದರು. ಅದರ ಮೇಲೆ ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈಗ ಲಿಪಿ ಓದಲು ಬರುತ್ತದೆ, ಅನುವಾದ ಫೋನಿನಲ್ಲೇ ಸಿಗುತ್ತದೆ. ಗೊತ್ತಿರಲಿಲ್ಲ ಅನ್ನುವ ಮಾತು ನಮಗೆ ಉಳಿದಿಲ್ಲ.