ನಿಂತ ಗಾಡಿಯ ಭಾರ

ನಮ್ಮ ಮನೆಗಳಲ್ಲಿ ಹಿರಿಯರು ನಮಾಜಿನ ಬಳಿಕ ಕೈಯೆತ್ತಿ ಬೇಡುವಾಗ ಒಂದು ಕೋರಿಕೆ ತಪ್ಪದೆ ಇರುತ್ತದೆ: ಕೊನೆಗಾಲದಲ್ಲಿ ಯಾರ ಮೊಹ್ತಾಜನನ್ನಾಗಿಯೂ ಮಾಡಬೇಡ. ಮೊಹ್ತಾಜ್ ಎಂಬ ಉರ್ದು ಪದಕ್ಕೆ ಕನ್ನಡದಲ್ಲಿ ಸರಿಸಾಟಿಯಾದ ಒಂದೇ ಪದ ಸಿಗುವುದಿಲ್ಲ. ಹಂಗು ಎನ್ನಬಹುದು, ಪರಾಧೀನತೆ ಎನ್ನಬಹುದು. ಎರಡನ್ನೂ ಕೂಡಿಸಿದರೆ ಅರ್ಥದ ಹತ್ತಿರ ಬರುತ್ತೇವೆ. ಈ ಭಯದ ಮುಖ ನೋಡಬೇಕಾದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಅರವತ್ತೈದು ದಾಟಿದರೂ ಬುಲೆಟ್ ಬಿಡದವರನ್ನು ನೋಡಬೇಕು.

ಇವರಲ್ಲಿ ಅಡಿಕೆ ಖೇಣಿ ಹಿಡಿಯುವವರಿದ್ದಾರೆ, ಮೆಕ್ಕೆಜೋಳದ ವ್ಯಾಪಾರಿಗಳಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಹಲವರು ಬುಲೆಟ್‌ಗೆ ಬಂದರು. ಊರಿನಲ್ಲಿ ಆ ಗಾಡಿಯ ಸದ್ದೇ ಮನುಷ್ಯನ ಗುರುತು. ತಿರುವಿನಾಚೆ 'ಡುಗ್ ಡುಗ್' ಕೇಳಿದರೆ ಸಾಕು, ಬಂದದ್ದು ಯಾರೆಂದು ಅಂಗಡಿಯವನಿಗೆ ತಿಳಿಯುತ್ತದೆ. ಇಂಥದನ್ನು ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಹೇಳುವವರು ಸಾಮಾನ್ಯವಾಗಿ ಕಾರಿನಲ್ಲಿ ಬಂದಿರುತ್ತಾರೆ.

2021ರಲ್ಲಿ ಬಂದ ಕ್ಲಾಸಿಕ್ 350ರ ತೂಕ 195 ಕಿಲೋ. ಸಿಮೆಂಟಿನ ನಾಲ್ಕು ಚೀಲಕ್ಕೆ ಐದೇ ಕಿಲೋ ಕಡಿಮೆ. ಆದರೆ ಗಾಡಿ ಓಡುವಾಗ ಈ ಭಾರ ಸವಾರನ ಮೇಲಿರುವುದಿಲ್ಲ. ವೇಗವೇ ಅದನ್ನು ಎತ್ತಿ ಹಿಡಿದಿರುತ್ತದೆ. ನಿಂತಾಗ, ನಿಲ್ಲುವ ಮುಂಚಿನ ನಾಲ್ಕು ಮಾರಿನಲ್ಲಿ, ಇಕ್ಕಟ್ಟು ಗಲ್ಲಿಯಲ್ಲಿ ತಿರುಗಿಸುವಾಗ, ಇಳಿಜಾರಿನಿಂದ ಹಿಂದಕ್ಕೆ ತಳ್ಳುವಾಗ ಅಷ್ಟೂ ಭಾರ ಒಂದು ಮೊಣಕಾಲಿಗೆ ಬರುತ್ತದೆ. ನೆಟ್ಟಗಿದ್ದ ಗಾಡಿಯನ್ನು ಎರಡು ಬೆರಳಲ್ಲಿ ಹಿಡಿಯಬಹುದು. ಸ್ವಲ್ಪ ವಾಲಿದರೂ ಹಿಡಿಯಬಹುದು. ಒಂದು ಹಂತ ಮೀರಿ ವಾಲಿತೆಂದರೆ ಯುವಕನೂ ಹಿಡಿಯಲಾರ. ಆ ಹಂತ ವಯಸ್ಸಾದಂತೆ ಹತ್ತಿರ ಬರುತ್ತ ಹೋಗುತ್ತದೆ. ಸುಗ್ಗಿಯಲ್ಲಿ ಜಗಳೂರಿನ ಕಡೆ ಮೆಕ್ಕೆಜೋಳವನ್ನು ರಸ್ತೆಯ ಮೇಲೇ ಒಣಗಲು ಹರವುತ್ತಾರೆ. ಅಂಥ ಕಡೆ ನಿಲ್ಲಿಸಿ ಕಾಲೂರಿದರೆ ಕಾಳಿನ ಮೇಲೆ ಚಪ್ಪಲಿ ಜಾರುತ್ತದೆ. ಎಂಬತ್ತರ ವೇಗದಲ್ಲಿ ಏನೂ ಆಗದವರು ಹೀಗೆ ನಿಂತಲ್ಲೇ ಬೀಳುತ್ತಾರೆ.

ನ್ಯಾಮತಿಯ ಮೆಕ್ಯಾನಿಕ್ ಒಬ್ಬರು, ಅವರೂ ಅರವತ್ತು ದಾಟಿದವರು, ಈ ವಿದ್ಯೆಯನ್ನು ಗಿರಾಕಿಗಳಿಗೆ ಬಿಡಿಸಿ ಹೇಳುತ್ತಾರೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಬೇಡಿ, ಗಾಡಿ ಅದೇ ಕಡೆಗೆ ಮಲಗುತ್ತದೆ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಬೇಡಿ, ಆಮೇಲೆ ಹಿಂದಕ್ಕೆ ಎಳೆಯಬೇಕಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕುವುದು ತೋಳಿನ ಕೆಲಸವಲ್ಲ, ಮೈಭಾರವನ್ನೆಲ್ಲ ಪಾದದ ಮೇಲೆ ಬಿಡಬೇಕು. ಬಿದ್ದ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕ್ಯಾರಿಯರ್ ಹಿಡಿದು, ಸೊಂಟ ಬಗ್ಗಿಸದೆ ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಎತ್ತಬೇಕು. ಇಷ್ಟೆಲ್ಲ ಹೇಳಿ ಕೊನೆಗೆ ಅವರು, "ಎಲ್ಲಕ್ಕಿಂತ ಮೊದಲು ಯಾರಾದ್ರೂ ಬರ್ತಾರಾ ಅಂತ ನೋಡ್ರಿ" ಎನ್ನುತ್ತಾರೆ. ಹಿರಿಯರಿಗೆ ರುಚಿಸದ ಪಾಠ ಇದೊಂದೇ.

ಕಾನೂನು ಈ ವಿಷಯದಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ 55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಮೇಲ್ಮಿತಿ ಎಂಬ ವಯಸ್ಸಿಲ್ಲ. ಕಣ್ಣು, ಕಿವಿ, ಕೈಕಾಲು ಸರಿಯಿವೆಯೇ ಎಂದು ವೈದ್ಯರು ಬರೆದು ಕೊಡುತ್ತಾರೆ. ಜೋಳದ ಕಾಳಿನ ಮೇಲೆ ನಿಂತು ನಾಲ್ಕು ಸಿಮೆಂಟ್ ಚೀಲ ಹಿಡಿಯಬಲ್ಲಿರಾ ಎಂದು ಯಾರೂ ಕೇಳುವುದಿಲ್ಲ. ಅದನ್ನು ಕೇಳಿಕೊಳ್ಳಬೇಕಾದವನು ಸವಾರನೇ.

ಅವನು ಕೇಳಿಕೊಳ್ಳದಿದ್ದರೆ? ಹೊನ್ನಾಳಿಯಲ್ಲಿ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗಾಯಿತು. ತಂದೆ ನಿವೃತ್ತ ಉರ್ದು ಮೇಷ್ಟ್ರು, ವಯಸ್ಸು 72. ಸಂಜೆಗೆ ಮೊಮ್ಮಗನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊಳೆ ಸೇತುವೆವರೆಗೆ ಒಂದು ಸುತ್ತು ಹೋಗಿಬರುವುದು ರೂಢಿ. ಒಂದು ದಿನ ಮನೆ ಮುಂದೆ ತಿರುಗಿಸುವಾಗ ಗಾಡಿ ವಾಲಿತು, ಹುಡುಗನ ಕಾಲು ಅಡಿಯಲ್ಲಿ ಸಿಕ್ಕಿತು. ಮೂಳೆ ಮುರಿಯಲಿಲ್ಲ. ಮೇಷ್ಟ್ರು ಮಾರನೆಯ ವಾರವೂ ಹುಡುಗನನ್ನು ಕೂರಿಸಿಕೊಂಡರು. ಆ ಶುಕ್ರವಾರ ಅವರು ಜುಮಾಕ್ಕೆ ನಡೆದುಹೋಗಿದ್ದಾಗ ಮಗ ಗಾಡಿಯನ್ನು ಮಾರಿಬಿಟ್ಟ. ಬಂದು ನೋಡಿದರೆ ಅಂಗಳ ಖಾಲಿ. ಮೇಷ್ಟ್ರು ಜಗಳವಾಡಲಿಲ್ಲ, ಬೀದಿಗೆ ಬರುವುದನ್ನೇ ನಿಲ್ಲಿಸಿದರು.

ಮುಪ್ಪಿನ ತಂದೆತಾಯಿಗೆ ಬೇಸರದ ಒಂದು ಉದ್ಗಾರವನ್ನೂ ಕೇಳಿಸಬಾರದೆಂದು ಕುರ್‌ಆನ್ ಮಕ್ಕಳಿಗೆ ಆಜ್ಞಾಪಿಸಿದೆ. ಮಗ ಹಾಗೇನೂ ಅನ್ನಲಿಲ್ಲ, ನಿಜ. ಏನನ್ನೂ ಅನ್ನಲಿಲ್ಲ! ತಂದೆ ಯಾವ ಮೊಹ್ತಾಜಿಯನ್ನು ಕಂಡು ಹೆದರಿದ್ದರೋ ಅದನ್ನೇ ಒಂದು ಮಧ್ಯಾಹ್ನದಲ್ಲಿ ಅವರ ತಲೆಗೆ ಕಟ್ಟಿದ. ಇಷ್ಟಾದರೂ ತಪ್ಪನ್ನೆಲ್ಲ ಮಗನ ಮೇಲೆ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಪರರಿಗೆ ಹಾನಿ ಮಾಡಬಾರದೆಂಬುದು ನಮ್ಮ ಫಿಕ್ಹ್‌ನ ಬುನಾದಿ ನಿಯಮಗಳಲ್ಲೊಂದು. ತನ್ನ ಮೊಣಕಾಲನ್ನು ಪಣಕ್ಕಿಡುವ ಸ್ವಾತಂತ್ರ್ಯ ಮೇಷ್ಟ್ರಿಗಿದೆ ಎಂದುಕೊಳ್ಳೋಣ, ಅದಕ್ಕೂ ದೇಹ ಅಲ್ಲಾಹನ ಅಮಾನತ್ ಎಂಬ ಆಕ್ಷೇಪ ಇದ್ದೇ ಇದೆ. ಐದು ವರ್ಷದ ಹುಡುಗನ ಕಾಲನ್ನು ಪಣಕ್ಕಿಡುವ ಸ್ವಾತಂತ್ರ್ಯ ಯಾವ ಹಿರಿತನದಿಂದಲೂ ಬರುವುದಿಲ್ಲ. ಮಗ ಕೇಳಬೇಕಾಗಿದ್ದದ್ದು ಇಷ್ಟೇ: "ಅಬ್ಬಾ, ಗಾಡಿ ನಿಮ್ಮದು. ಮಗುವನ್ನು ಮಾತ್ರ ಕೂರಿಸಬೇಡಿ." ಈ ಮಾತು ಆಡುವುದಕ್ಕೆ ಗಾಡಿ ಮಾರುವುದಕ್ಕಿಂತ ಹೆಚ್ಚು ಧೈರ್ಯ ಬೇಕಿತ್ತೇನೋ.

ಚನ್ನಗಿರಿಯಲ್ಲಿ ಅಡಿಕೆ ಖೇಣಿಯ ಚಾಚಾ ಒಬ್ಬರು ಬೇರೆ ದಾರಿ ಹಿಡಿದಿದ್ದಾರೆ. ಮೊದಲು ರಾತ್ರಿ ಓಡಿಸುವುದನ್ನು ಬಿಟ್ಟರು, ನಂತರ ಮಳೆಯಲ್ಲಿ, ನಂತರ ಹಿಂದೆ ಯಾರನ್ನೂ ಕೂರಿಸಿಕೊಳ್ಳುವುದನ್ನು. ಪೆಟ್ರೋಲ್ ಬಂಕಿನಲ್ಲಿ ಗಾಡಿ ಹಿಂದಕ್ಕೆ ತೆಗೆಯಬೇಕಾದಾಗ, "ಏ ತಮ್ಮಾ, ಹಿಂದೆ ಸ್ವಲ್ಪ ಹಿಡಿಯಪ್ಪಾ" ಎಂದು ಯಾರನ್ನಾದರೂ ಕರೆಯುತ್ತಾರೆ. ಹೀಗೆ ಕರೆಯಲು ಸಂಕೋಚವಾಗುವುದಿಲ್ಲವೇ ಚಾಚಾ, ಇದೂ ಮೊಹ್ತಾಜಿಯಲ್ಲವೇ ಎಂದು ಕೇಳಿದೆ. "ನಲವತ್ತು ವರ್ಷ ಖೇಣಿ ಮಾಡೀನಿ. ಒಂದು ದಿನಾನೂ ನಾನು ಮರ ಹತ್ತಿಲ್ಲ. ಕೊನೆ ಕೀಳೋನು ಬರದಿದ್ರೆ ನನ್ನ ವ್ಯಾಪಾರ ಅವತ್ತೇ ಬಂದ್. ಆಗ ನೀನು ಯಾಕೆ ಕೇಳ್ಲಿಲ್ಲ?" ಎಂದರು.

ಅವರ ಬೇಗಂ ಈಗ ಸಂತೆಬೆನ್ನೂರಿನ ಮಗಳ ಮನೆಗೆ ಹೋಗುವುದು ಬಸ್ಸಿನಲ್ಲಿ. ಚಾಚಾ ಬುಲೆಟ್‌ನಲ್ಲಿ ಮೊದಲೇ ಹೋಗಿ ಬಸ್ ನಿಲ್ದಾಣದ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ ಕಾಯುತ್ತಾರೆ. ಬಸ್ಸು ಬಂದ ಮೇಲೆ ಬೇಗಂ ಚೀಲವನ್ನು ಗಾಡಿಗೆ ನೇತುಹಾಕಿ ತಾವು ನಡೆದುಬರುತ್ತಾರೆ.