ಯಾರ ದೇಹ ಮೇಜಿನ ಮೇಲೆ?

ಕಾವ್ಯಪಾಠ ಹೇಳುವವರು ಆಗಾಗ ಕೇಳಬೇಕಾಗಿ ಬರುವ ದೂರೊಂದಿದೆ: ನೀವು ಕವಿತೆಯನ್ನು ಕೊಯ್ದು ಕೊಯ್ದು ಅದರ ಪ್ರಾಣವನ್ನೇ ಕಳೆಯುತ್ತೀರಿ, ಎಂದು. ವರ್ಡ್ಸ್‌ವರ್ತ್ ಕವಿಯೂ 1798ರಲ್ಲಿಯೇ ಈ ಆಕ್ಷೇಪವನ್ನು ಎತ್ತಿದ್ದನು. ಮಾತೇನೋ ಸೊಗಸಾಗಿದೆ. ಆದರೆ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯು ಇದನ್ನು ಕೇಳಿದರೆ ನಕ್ಕಾನು. ಅವನ ಮುಂದಿನ ದೇಹ ಮೇಜಿಗೆ ಬರುವ ಮೊದಲೇ ಸತ್ತಿರುತ್ತದೆ; ಅವನು ಕೊಂದವನಲ್ಲ. ಕವಿತೆಯದಂತೂ ಇನ್ನೂ ಸುಲಭ. ಬಿಡಿಸಿ ನೋಡಿದ ಪದ್ಯವನ್ನು ಮರುಗಳಿಗೆಯೇ ಮೊದಲಿನಿಂದ ಓದಿಕೊಳ್ಳಬಹುದು. ಅದರಲ್ಲಿ ಒಂದು ಮಾತ್ರೆಯೂ ಕಡಿಮೆಯಾಗಿರುವುದಿಲ್ಲ.

ಕೊಯ್ಯುವುದೆಂದರೆ ಕತ್ತಿಯೇ ಆಗಬೇಕೆಂದೂ ಇಲ್ಲ. ಸುಶ್ರುತಸಂಹಿತೆ ಹೇಳುವ ಕ್ರಮವನ್ನು ನೋಡಿ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಡಬೇಕು. ಅನಂತರ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಮಾಡಿ ಒಂದೊಂದು ಪದರವನ್ನೂ ಕಣ್ಣಾರೆ ಕಾಣಬೇಕು. ನಮ್ಮ ‘ವಿಮರ್ಶೆ’ ಎಂಬ ಶಬ್ದದ ಧಾತುವಿಗೂ ಮುಟ್ಟುವುದು, ಸವರುವುದು ಎಂಬುದೇ ಅರ್ಥ. ಬೈಗುಳವನ್ನೇ ವಿಮರ್ಶೆಯೆಂದು ತಿಳಿದವರು ಇದನ್ನು ಗಮನಿಸುವುದು ಒಳ್ಳೆಯದು.

ಶವ ಎಂಥದಿರಬೇಕೆಂದೂ ಸುಶ್ರುತಸಂಹಿತೆಯಲ್ಲಿದೆ: ಅಂಗಗಳು ಪೂರ್ಣವಾಗಿರಬೇಕು, ವಿಷದಿಂದ ಸತ್ತದ್ದಾಗಿರಬಾರದು, ಬಹುಕಾಲ ರೋಗದಿಂದ ನರಳಿದ್ದಾಗಿರಬಾರದು. ಆದರೆ ಆ ಶವ ಯಾರದು? ಈ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲ ಮುಂದೆ ಬಂತು. 1828ರಲ್ಲಿ ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು, ಅಂಗರಚನಾಶಾಸ್ತ್ರದ ಅಧ್ಯಾಪಕನಾದ ಡಾಕ್ಟರ್ ನಾಕ್ಸ್‌ಗೆ ಶವಗಳನ್ನು ಮಾರುವುದಕ್ಕಾಗಿಯೇ 16 ಮಂದಿಯನ್ನು ಕೊಂದರು. ಹೀಗೆ ಸತ್ತವರು ಬಹುಮಟ್ಟಿಗೆ ಬಡವರು, ಒಂಟಿಗರು, ಕಾಣೆಯಾದರೆ ಹುಡುಕುವವರಿಲ್ಲದವರು. 1829ರಲ್ಲಿ ಬರ್ಕ್‌ನನ್ನು ಗಲ್ಲಿಗೇರಿಸಿ ಅವನ ದೇಹವನ್ನೂ ಕೊಯ್ದರು. ಹೇರ್ ಸರ್ಕಾರದ ಪರ ಸಾಕ್ಷಿ ಹೇಳಿ ಪಾರಾದನು. ಕೊಂಡುಕೊಂಡ ಡಾಕ್ಟರನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಮುಂದೆ 1832ರ ಕಾಯಿದೆ, ದರಿದ್ರಾಲಯಗಳಲ್ಲಿ ಸತ್ತ ವಾರಸುದಾರರಿಲ್ಲದವರ ಶವಗಳು ಈ ಕಾರ್ಯಕ್ಕೆ ಸಲ್ಲಬಹುದೆಂದಿತು. ಅಲ್ಲಿಯತನಕ ಕೊಲೆಗಡುಕರಿಗೆ ಶಿಕ್ಷೆಯಾಗಿ ವಿಧಿಸುತ್ತಿದ್ದುದು ಬಡವರ ಪಾಲಿಗೆ ಬಂತು, ಅಷ್ಟೆ. ನಮ್ಮ ರಾಜ್ಯದ 1957ರ ಕಾಯಿದೆಯೂ ಹೇಳುವುದು ವಾರಸುದಾರರಿಲ್ಲದ ಶವಗಳ ಮಾತನ್ನೇ. ಈಗ ದೇಹದಾನ ಮಾಡುವವರೂ ಇದ್ದಾರೆ. ಅವರು ಬದುಕಿರುವಾಗಲೇ ತಾವಾಗಿ ಒಪ್ಪಿ ಕೊಟ್ಟವರು.

ಸಾಹಿತ್ಯದ ಮೇಜಿಗೆ ಬರುವವರು ಯಾರೆಂದೂ ಇದೇ ರೀತಿ ಕೇಳಬಹುದಲ್ಲವೆ? ಪುಸ್ತಕ ಅಚ್ಚುಮಾಡಿಸಿದವನು ಪರೀಕ್ಷೆಗೆ ಒಪ್ಪಿದವನೇ. ಈ ವಿಷಯದಲ್ಲಿ ಯಾರೂ ಮುನಿಸಿಕೊಳ್ಳುವಂತಿಲ್ಲ. ನನಗೆ ಮುಳ್ಳಾಗಿರುವುದು ಬೇರೆ. ದೂರದ ಊರಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರು ಸಾಲಮಾಡಿ ಪ್ರಕಟಿಸಿದ ಮೊದಲ ಸಂಕಲನ ಕೈಗೆ ಬಂದರೆ ನಮ್ಮ ಬುದ್ಧಿ ಎಷ್ಟು ಹರಿತವಾಗಿಬಿಡುತ್ತದೆ! ಛಂದಸ್ಸು ಎಲ್ಲಿ ಕುಂಟಿತು, ಉಪಮೆ ಯಾರಿಂದ ಎರವಲು ಬಂತು, ಎಲ್ಲವೂ ಕಣ್ಣಿಗೆ ಬೀಳುತ್ತದೆ. ಅವರ ಪರವಾಗಿ ಪತ್ರಿಕೆಗೆ ಕಾಗದ ಬರೆಯುವವರು ಯಾರೂ ಇರುವುದಿಲ್ಲ. ಪ್ರಶಸ್ತಿ ಪಡೆದ, ಸಮಿತಿಗಳಲ್ಲಿ ಕುಳಿತ ಕವಿಯ ಹೊಸ ಪುಸ್ತಕ ಬಂದಾಗ ಮಾತ್ರ, ಕಾವ್ಯವನ್ನು ಕೊಯ್ಯಬಾರದು, ಅನುಭವಿಸಬೇಕು ಎಂಬ ಹಳೆಯ ಉಪದೇಶ ನಮಗೆ ತಟ್ಟನೆ ನೆನಪಾಗುತ್ತದೆ.